ಒಡನಾಡಿ ಯಂತ್ರಗಳೂ ನಮ್ಮ ಒಪ್ಪಿಗೆಯೂ

ರೋಬಾಟ್ ಎಂಬ ಮಾತು ಹುಟ್ಟಿದುದು ನಾಟಕದಲ್ಲಿ. ಚೆಕ್ ಲೇಖಕ ಕಾರೆಲ್ ಚಾಪೆಕ್ 1920ರಲ್ಲಿ ಪ್ರಕಟಿಸಿದ ‘ಆರ್.ಯು.ಆರ್.’ ಎಂಬ ನಾಟಕದಲ್ಲಿ ಅದು ಮೊಟ್ಟಮೊದಲು ಕಾಣಿಸಿಕೊಂಡಿತು. ಜಮೀನುದಾರನಿಗೆ ಒಕ್ಕಲುಮಕ್ಕಳು ಸಲ್ಲಿಸಬೇಕಾಗಿದ್ದ ಬಿಟ್ಟಿ ಚಾಕರಿಗೆ ಚೆಕ್ ಭಾಷೆಯಲ್ಲಿ ‘ರೊಬೊತ’ ಎಂದು ಹೆಸರು. ಆ ಶಬ್ದವೇ ಇದಕ್ಕೆ ಮೂಲ. ಹೆಸರಿಗೆ ತಕ್ಕಂತೆ ರೋಬಾಟುಗಳು ಬಹುಕಾಲ ಚಾಕರಿಯನ್ನೇ ಮಾಡಿಕೊಂಡು ಬಂದವು. 1961ರಲ್ಲಿ ಅಮೆರಿಕದ ಜನರಲ್ ಮೋಟಾರ್ಸ್ ಸಂಸ್ಥೆಯ ಕಾರ್ಖಾನೆಯೊಂದರಲ್ಲಿ ಕೆಲಸಕ್ಕೆ ನಿಂತ ‘ಯುನಿಮೇಟ್’ ಎಂಬ ಯಂತ್ರಬಾಹುವು ಎರಕದ ಬಿಸಿಲೋಹದ ತುಂಡುಗಳನ್ನು ಎತ್ತಿಡುತ್ತಿದ್ದಿತು. ಅದನ್ನು ಯಾರೂ ಪ್ರೀತಿಸಬೇಕಾಗಿರಲಿಲ್ಲ. ಅದರ ಮುಖ ನೋಡಿ ಮಾತನಾಡುವ ಅಗತ್ಯವೂ ಇರಲಿಲ್ಲ, ಮುಖವೇ ಅದಕ್ಕಿರಲಿಲ್ಲ.

ಈಗ ಬೇರೊಂದು ಜಾತಿಯ ರೋಬಾಟುಗಳು ಬಂದಿವೆ. ಇವು ಭಾರ ಎತ್ತುವುದಿಲ್ಲ, ಬೆಸುಗೆ ಹಾಕುವುದಿಲ್ಲ. ಕರೆದರೆ ತಲೆಯೆತ್ತಿ ನೋಡುತ್ತವೆ, ಮುಟ್ಟಿದರೆ ಮಿಸುಕುತ್ತವೆ, ಕೆಲವು ಮಾತನಾಡುತ್ತವೆ, ಔಷಧದ ವೇಳೆಯನ್ನು ಜ್ಞಾಪಿಸುತ್ತವೆ, ಮಕ್ಕಳಿಗೆ ಕಥೆ ಹೇಳುತ್ತವೆ. ಮನುಷ್ಯರ ನಡುವೆ ಒಡನಾಡುವುದೇ ಇವುಗಳ ಕೆಲಸ. ಇವನ್ನು ಸಾಮಾಜಿಕ ರೋಬಾಟುಗಳೆಂದು ಕರೆಯುತ್ತಾರೆ. ಕನ್ನಡದಲ್ಲಿ ರೂಢಿಗೆ ಬಂದಿರುವ ‘ಯಂತ್ರಮಾನವ’ ಎಂಬ ಮಾತು ಇಲ್ಲಿ ಅಷ್ಟಾಗಿ ಸಲ್ಲದು. ಏಕೆಂದರೆ ಇವುಗಳಲ್ಲಿ ಹೆಸರಾದ ಹಲವು ನಾಯಿಯ ರೂಪದವು, ಮೊಲದ ರೂಪದವು, ಕಡಲಪ್ರಾಣಿಯ ರೂಪದವು. ಒಡನಾಡಿ ಯಂತ್ರ ಎಂದರೆ ಅರ್ಥ ಸ್ಪಷ್ಟವಾದೀತು.

ಇಂಥ ಯಂತ್ರಗಳನ್ನು ಜನರು ಏತಕ್ಕಾಗಿ ಒಪ್ಪುತ್ತಾರೆ, ಏತಕ್ಕಾಗಿ ಒಲ್ಲೆನೆನ್ನುತ್ತಾರೆ ಎಂಬುದನ್ನು ಕುರಿತು ಎಂಜಿನಿಯರುಗಳೂ ಮನೋವಿಜ್ಞಾನಿಗಳೂ ಮೂರು ದಶಕಗಳಿಂದ ಶೋಧಿಸುತ್ತಿದ್ದಾರೆ. ಸಾಮಾನ್ಯವಾಗಿ ಕೇಳಿಬರುವ ಉತ್ತರ, ಯಂತ್ರವು ಎಷ್ಟು ಮನುಷ್ಯನಂತಿದ್ದರೆ ಅಷ್ಟು ಒಪ್ಪಿಗೆ ಎಂಬುದು. ಈ ಉತ್ತರವನ್ನು ನಾವು ಒಪ್ಪಲಾರೆವು. ಯಂತ್ರದ ರೂಪ ಮತ್ತು ಚಾತುರ್ಯಗಳಿಂದ ದೊರೆಯುವ ಒಪ್ಪಿಗೆ ಕೆಲವು ದಿನಗಳದು. ಉಳಿಯುವ ಒಪ್ಪಿಗೆಯು ಯಂತ್ರದ ಸುತ್ತ ಇರುವ ಮನುಷ್ಯರನ್ನು ಅವಲಂಬಿಸಿದೆ: ಅದನ್ನು ತಂದವರು ಯಾರು, ನೋಡಿಕೊಳ್ಳುವವರು ಯಾರು, ಕೆಟ್ಟಾಗ ಬರುವವರು ಯಾರು ಎಂಬುದನ್ನು. ಹೀಗೆನ್ನಲು ನಮಗೆ ಸಾಕಷ್ಟು ಆಧಾರಗಳಿವೆ.

ಮೊದಲು, ಕೆಲವು ದಿನಗಳ ಒಪ್ಪಿಗೆ ಎಷ್ಟು ಸುಲಭವೆಂಬುದನ್ನು ನೋಡೋಣ. 1944ರಲ್ಲಿ ಅಮೆರಿಕದ ಫ್ರಿಟ್ಸ್ ಹೈಡರ್ ಮತ್ತು ಮೇರಿಯಾನ್ ಸಿಮೆಲ್ ಎಂಬ ಮನೋವಿಜ್ಞಾನಿಗಳು ಒಂದು ಪುಟ್ಟ ಚಲಚ್ಚಿತ್ರವನ್ನು ತಯಾರಿಸಿದರು. ಅದರಲ್ಲಿದ್ದುದು ಒಂದು ದೊಡ್ಡ ತ್ರಿಕೋನ, ಒಂದು ಚಿಕ್ಕ ತ್ರಿಕೋನ, ಒಂದು ಚಿಕ್ಕ ವೃತ್ತ, ಮತ್ತು ಬಾಗಿಲಿನಂತೆ ತೆರೆದು ಮುಚ್ಚುವ ಭಾಗವಿದ್ದ ಒಂದು ಆಯತ, ಇಷ್ಟೆ. ಈ ಆಕೃತಿಗಳು ಅತ್ತಿತ್ತ ಚಲಿಸುತ್ತಿದ್ದವು. ಕಂಡದ್ದನ್ನು ಬರೆಯಿರೆಂದು 34 ಮಂದಿಗೆ ಹೇಳಿದಾಗ, ಅವರಲ್ಲಿ ಒಬ್ಬರು ಮಾತ್ರ ರೇಖಾಗಣಿತದ ಭಾಷೆಯಲ್ಲಿ ವರ್ಣಿಸಿದರು. ಉಳಿದವರೆಲ್ಲರೂ ದೊಡ್ಡ ತ್ರಿಕೋನವು ಸಿಟ್ಟಾಯಿತು, ವೃತ್ತವು ಹೆದರಿ ಅಡಗಿತು ಎಂಬ ರೀತಿಯಲ್ಲಿ ಕಥೆಯನ್ನೇ ಕಟ್ಟಿದರು. ಕಾಗದದ ತುಂಡು ಹಾಗೆ ಚಲಿಸಿದರೂ ಸಾಕು, ಅದಕ್ಕೊಂದು ಮನಸ್ಸನ್ನು ಆರೋಪಿಸಲು ನಾವು ಸಿದ್ಧರು.

1966ರಲ್ಲಿ ಮೆಸಾಚುಸೆಟ್ಸ್ ತಂತ್ರವಿಜ್ಞಾನ ಸಂಸ್ಥೆಯ ಜೋಸೆಫ್ ವೈಜೆನ್‌ಬಾಮ್ ಎಂಬವರು ‘ಎಲೈಜಾ’ ಎಂಬ ಗಣಕ ಕ್ರಮವಿಧಿಯನ್ನು ಪ್ರಕಟಿಸಿದರು. ನಾವು ಬೆರಳಚ್ಚಿಸಿದ ವಾಕ್ಯವನ್ನೇ ಸ್ವಲ್ಪ ತಿರುಗಿಸಿ, ಮನೋವೈದ್ಯರ ಧಾಟಿಯಲ್ಲಿ ಪ್ರಶ್ನೆಯಾಗಿ ಹಿಂದಿರುಗಿಸುವುದು ಅದರ ಕೆಲಸ. ಅರ್ಥಗ್ರಹಣದ ಸುಳಿವೂ ಅದರಲ್ಲಿರಲಿಲ್ಲ. ಆದರೂ, ಅದನ್ನು ತಿಂಗಳುಗಟ್ಟಲೆ ಅವರು ಕಟ್ಟುತ್ತಿದ್ದುದನ್ನು ಕಣ್ಣಾರೆ ಕಂಡಿದ್ದ ಅವರ ಕಾರ್ಯದರ್ಶಿಯೇ, ಅದರೊಡನೆ ನಾಲ್ಕು ಮಾತು ಆಡಿದ ಮೇಲೆ, ತಾವು ಸ್ವಲ್ಪ ಹೊರಗಿರಬಹುದೇ ಎಂದು ಅವರನ್ನು ಕೇಳಿದರಂತೆ. ವೈಜೆನ್‌ಬಾಮ್ ಇದನ್ನು 1976ರ ತಮ್ಮ ಗ್ರಂಥದಲ್ಲಿ ಹೇಳಿ ಕಳವಳಪಟ್ಟಿದ್ದಾರೆ. ಕಳವಳ ನ್ಯಾಯವಾದುದೇ. ಮನುಷ್ಯನ ಮನಸ್ಸು ಇಷ್ಟು ಸುಲಭವಾಗಿ ಬಾಗಿಲು ತೆರೆಯುವುದಾದರೆ, ಪ್ರದರ್ಶನದಲ್ಲಿ ಹತ್ತು ನಿಮಿಷ ನೋಡಿ ಜನರು ಮೆಚ್ಚಿದರು ಎಂಬ ವರದಿಗಳಿಗೆ ನಾವು ಎಷ್ಟು ಬೆಲೆ ಕೊಡಬೇಕು?

ಇನ್ನು ರೂಪದ ವಿಚಾರ. ಜಪಾನಿನ ಮಸಾಹಿರೊ ಮೋರಿ ಎಂಬ ಎಂಜಿನಿಯರು 1970ರಲ್ಲಿ ಬರೆದ ಪ್ರಬಂಧವೊಂದು ಈ ಕ್ಷೇತ್ರದಲ್ಲಿ ಪ್ರಸಿದ್ಧವಾಗಿದೆ. ಯಂತ್ರವು ಮನುಷ್ಯನನ್ನು ಹೋಲುತ್ತ ಹೋದಂತೆ ನಮಗೆ ಅದರಲ್ಲಿ ಆತ್ಮೀಯತೆ ಹೆಚ್ಚುತ್ತದೆ. ಆದರೆ ಹೋಲಿಕೆ ಇನ್ನೇನು ಪೂರ್ಣವಾಯಿತೆನ್ನುವಷ್ಟರಲ್ಲಿ ಆ ಆತ್ಮೀಯತೆ ಥಟ್ಟನೆ ಕುಸಿದು ಅಸಹ್ಯವಾಗುತ್ತದೆ. ಹೋಲಿಕೆ ಪೂರ್ಣವಾದರೆ ಮತ್ತೆ ಮೇಲೇರುತ್ತದೆ ಎಂದು ಅವರು ಊಹಿಸಿದರು. ನಕ್ಷೆಯಲ್ಲಿ ಕಾಣುವ ಆ ತಗ್ಗಿಗೆ ವಿಲಕ್ಷಣತೆಯ ಕಣಿವೆ ಎಂದು ಹೆಸರಾಗಿದೆ. ನಿಜವಾದ ಕೈಯಂತೆಯೇ ಕಾಣುವ ಕೃತಕ ಕೈಯನ್ನು ಕುಲುಕಿದಾಗ ಅದರ ತಣ್ಣನೆಯ ಸ್ಪರ್ಶದಿಂದ ಬೆಚ್ಚಿಬೀಳುವುದು ಅವರು ಕೊಟ್ಟ ಉದಾಹರಣೆ. ಜಪಾನಿನ ಬುನ್ರಾಕು ಗೊಂಬೆಯನ್ನಾದರೋ ಅವರು ಕಣಿವೆಯ ಆಚೆಯ ಏರಿನಲ್ಲಿಟ್ಟರು. ಗೊಂಬೆ ಹತ್ತಿರದಿಂದ ಮನುಷ್ಯನಂತಿಲ್ಲ, ಆಡಿಸುವವರೂ ರಂಗದ ಮೇಲೆಯೇ ಕಾಣುತ್ತಾರೆ, ಆದರೂ ಪ್ರೇಕ್ಷಕರು ಕಣ್ಣೀರಿಡುತ್ತಾರೆ. ನಮ್ಮ ಸೂತ್ರದ ಗೊಂಬೆಯಾಟವನ್ನು ಕಂಡವರಿಗೆ ಇದನ್ನು ವಿವರಿಸಬೇಕಾಗಿಲ್ಲ. ದಾರ ಕಂಡಿತೆಂದು ಯಾರೂ ಎದ್ದು ಹೋಗುವುದಿಲ್ಲ. ಮೋರಿಯವರ ನಕ್ಷೆಯು ಅಳತೆಗಳಿಂದ ಬಂದುದಲ್ಲ, ಊಹೆಯಿಂದ ಬರೆದುದು ಎಂಬುದನ್ನು ಮಾತ್ರ ವಿದ್ಯಾರ್ಥಿಗಳು ಮರೆಯಬಾರದು. ಅದನ್ನು ನಿಯಮವೆಂಬಂತೆ ಉದ್ಧರಿಸುವವರು ಅನೇಕರಿದ್ದಾರೆ.

ನಮ್ಮ ದೃಷ್ಟಿಯಲ್ಲಿ ಮೋರಿಯವರ ಊಹೆಗಿಂತ ಹೆಚ್ಚು ಬೆಲೆಯುಳ್ಳದ್ದು ಟಕನೋರಿ ಶಿಬಾಟ ಎಂಬ ಜಪಾನೀ ಎಂಜಿನಿಯರ ಅನುಭವ. ವೃದ್ಧರಿಗೂ ರೋಗಿಗಳಿಗೂ ಸಾಂತ್ವನ ನೀಡುವ ಯಂತ್ರವೊಂದನ್ನು ನಿರ್ಮಿಸಲು ಅವರು 1993ರಲ್ಲಿ ತೊಡಗಿದರು. ಮೊದಲು ನಾಯಿಯ ಮತ್ತು ಬೆಕ್ಕಿನ ರೂಪಗಳನ್ನು ಮಾಡಿ ನೋಡಿದರು. ಜನರು ಅವನ್ನು ಎತ್ತಿಕೊಂಡು ನೋಡಿ, ನಿಜವಾದ ಬೆಕ್ಕು ಹೀಗಿರುವುದಿಲ್ಲ ಎಂದು ದೋಷವೆಣಿಸಿದರು. ಬೆಕ್ಕಿನ ಮೈ ಎಷ್ಟು ಮೆತ್ತಗೆ, ಅದು ಹೇಗೆ ಮುದುರಿಕೊಳ್ಳುತ್ತದೆ ಎಂಬುದನ್ನು ಬಲ್ಲವರ ಮುಂದೆ ಯಾವ ಯಂತ್ರವೂ ಸೋಲಲೇಬೇಕಲ್ಲವೆ? ಆಗ ಅವರು ಹಿಮಪ್ರದೇಶದ ಹಾರ್ಪ್ ಸೀಲ್ ಎಂಬ ಕಡಲಪ್ರಾಣಿಯ ಮರಿಯನ್ನು ಆರಿಸಿಕೊಂಡರು. ಸೀಲ್ ಮರಿಯನ್ನು ತೊಡೆಯ ಮೇಲಿಟ್ಟುಕೊಂಡವರು ಲೋಕದಲ್ಲಿ ಎಷ್ಟು ಮಂದಿ? ಹೋಲಿಸಿ ನೋಡಲು ಯಾರಿಗೂ ನೆನಪಿಲ್ಲ; ಆದುದರಿಂದ ನಿರಾಶೆಯೂ ಇಲ್ಲ. ಬಿಳಿಯ ಕೃತಕ ತುಪ್ಪಳವನ್ನು ಹೊದ್ದ, ಮೂರು ಕಿಲೋಗ್ರಾಮಿಗಿಂತ ಸ್ವಲ್ಪ ಕಡಿಮೆ ತೂಗುವ ಈ ‘ಪಾರೊ’ ಮಾತನಾಡುವುದಿಲ್ಲ, ನಡೆಯುವುದಿಲ್ಲ. ಸ್ಪರ್ಶ, ಬೆಳಕು, ಶಬ್ದ, ಉಷ್ಣತೆಗಳನ್ನು ಗ್ರಹಿಸುವ ಸಂವೇದಕಗಳು ಅದರ ಮೈಯಲ್ಲಿವೆ. ಸವರಿದರೆ ಕಣ್ಣು ಮುಚ್ಚಿ ತೆರೆಯುತ್ತದೆ, ತಲೆಯೆತ್ತುತ್ತದೆ, ಸಣ್ಣಗೆ ಕೂಗುತ್ತದೆ. 2005ರಲ್ಲಿ ಜಪಾನಿನಲ್ಲಿ ಮಾರಾಟಕ್ಕೆ ಬಂದ ಅದನ್ನು 2009ರಲ್ಲಿ ಅಮೆರಿಕದ ಆಹಾರ ಮತ್ತು ಔಷಧ ಆಡಳಿತವು ವೈದ್ಯಕೀಯ ಸಾಧನವೆಂದು ಪರಿಗಣಿಸಿತು.

ಪಾರೊವಿನ ಯಶಸ್ಸಿನ ಗುಟ್ಟು ಅದರ ಮಿತಿಯಲ್ಲಿದೆ. ತಾನು ಕೊಡಲಾರದುದನ್ನು ಅದು ತೋರಿಸುವುದಿಲ್ಲ. ಬಾಯಿಯುಳ್ಳ ಯಂತ್ರವನ್ನು ಕಂಡರೆ ಅದು ಮಾತನಾಡುವುದೆಂದೂ, ಮಾತನಾಡಿದರೆ ತಿಳಿದುಕೊಳ್ಳುವುದೆಂದೂ, ತಿಳಿದುಕೊಂಡರೆ ನಾಳೆ ನೆನಪಿಡುವುದೆಂದೂ ನಾವು ಎಣಿಸುತ್ತೇವೆ. ಒಂದೊಂದು ಅವಯವವೂ ಒಂದೊಂದು ಸಾಲಪತ್ರ, ತೀರಿಸಲಾರದವನು ಬರೆದುಕೊಡಬಾರದು.

ಆರು ತಿಂಗಳ ಮೇಲೆ ಏನಾಗುತ್ತದೆ ಎಂಬುದನ್ನು ನೆದರ್ಲೆಂಡ್ಸಿನ ಸಂಶೋಧಕರು ತಾಳ್ಮೆಯಿಂದ ನೋಡಿದರು. ‘ಕಾರೊಟ್ಸ್’ ಎಂಬ ಮೊಲದ ಆಕಾರದ, ಕಿವಿಯಾಡಿಸುತ್ತ ಹವಾಮಾನವನ್ನೂ ವಾರ್ತೆಗಳನ್ನೂ ಹೇಳುವ 70 ಯಂತ್ರಗಳನ್ನು ಮನೆಗಳಲ್ಲಿಟ್ಟು, ಅವನ್ನು ಬಳಸುವುದನ್ನು ಬಿಟ್ಟವರು ಏಕೆ ಬಿಟ್ಟರೆಂದು ವಿಚಾರಿಸಿದರು. 2017ರಲ್ಲಿ ಪ್ರಕಟವಾದ ಅವರ ತೀರ್ಮಾನ ಸರಳವಾದುದು: ಮೊದಲ ದಿನಗಳಲ್ಲಿ ಜನರನ್ನು ಹಿಡಿಯುವುದು ವಿನೋದ ಮತ್ತು ಬಳಕೆಯ ಸೌಲಭ್ಯ; ಬಹುಕಾಲ ಹಿಡಿದಿಡುವುದು ಉಪಯೋಗ. ಗಣಕಯಂತ್ರಗಳನ್ನು ಜನರು ಒಪ್ಪುವುದಕ್ಕೆ ಉಪಯುಕ್ತತೆ ಮತ್ತು ಸೌಲಭ್ಯಗಳೆಂಬ ಎರಡು ಕಾರಣಗಳನ್ನು ಫ್ರೆಡ್ ಡೇವಿಸ್ ಎಂಬವರು 1989ರಷ್ಟು ಹಿಂದೆಯೇ ಹೇಳಿದ್ದರು. ವೃದ್ಧರನ್ನೂ ಒಡನಾಡಿ ಯಂತ್ರಗಳನ್ನೂ ಕುರಿತು 2010ರಲ್ಲಿ ಡಚ್ ಸಂಶೋಧಕರೇ ರಚಿಸಿದ ‘ಆಲ್ಮೇರೆ ಮಾದರಿ’ಯು ಇವಕ್ಕೆ ವಿಶ್ವಾಸ, ಸಂತೋಷ, ಬಂಧುಮಿತ್ರರ ಅಭಿಪ್ರಾಯ ಮುಂತಾದುವನ್ನು ಸೇರಿಸಿತು. ಈ ಪಟ್ಟಿಗಳಿಂದ ಪ್ರಯೋಜನವಿದೆ. ಆದರೆ ಇವೆಲ್ಲವೂ ಯಂತ್ರದ ಎದುರಿಗೆ ಒಬ್ಬ ಮನುಷ್ಯನನ್ನು ಕೂರಿಸಿ ಅವನ ಮನಸ್ಸನ್ನು ಅಳೆಯುತ್ತವೆ. ಮನೆಯಲ್ಲಾಗಲಿ ಆಸ್ಪತ್ರೆಯಲ್ಲಾಗಲಿ ಯಂತ್ರದ ಎದುರಿಗೆ ಒಬ್ಬನೇ ಇರುವುದು ಅಪೂರ್ವ.

ಜಪಾನೀಯರು ರೋಬಾಟುಗಳನ್ನು ಸಹಜವಾಗಿಯೇ ಪ್ರೀತಿಸುತ್ತಾರೆ, ಕಲ್ಲು ಮರಗಳಲ್ಲಿಯೂ ಚೇತನವನ್ನು ಕಾಣುವ ಶಿಂಟೊ ಧರ್ಮ ಅದಕ್ಕೆ ಕಾರಣ ಎಂಬ ಮಾತು ಬಹಳ ಪ್ರಚಾರದಲ್ಲಿದೆ. ಹಾಗಾದರೆ ಆಯುಧಪೂಜೆಯ ದಿನ ಲೇತ್ ಯಂತ್ರಕ್ಕೂ ಬಸ್ಸಿಗೂ ಅರಿಸಿನ ಕುಂಕುಮ ಹಚ್ಚಿ ಹೂವೇರಿಸುವ ನಾವು ಅವರಿಗಿಂತ ಮುಂದಿರಬೇಕಾಗಿತ್ತು! ಪೂಜೆ ಮಾಡಿದ ಮರುದಿನ ಯಾರೂ ಲೇತಿನ ಮುಂದೆ ಕುಳಿತು ಸುಖದುಃಖ ಹೇಳಿಕೊಳ್ಳುವುದಿಲ್ಲ. 2007ರಲ್ಲಿ ಪ್ರಕಟವಾದ, ಹಲವು ದೇಶಗಳವರನ್ನು ಹೋಲಿಸಿದ ಅಧ್ಯಯನವೊಂದರಲ್ಲಿ ಜಪಾನೀಯರ ಮನೋಭಾವವು ಪ್ರತೀತಿಯಲ್ಲಿರುವಷ್ಟು ಅನುಕೂಲವಾಗಿ ಕಂಡುಬರಲಿಲ್ಲ. ಅಮೆರಿಕದವರೇ ಹೆಚ್ಚು ಅನುಕೂಲರಾಗಿದ್ದರು. 2019ರಲ್ಲಿ ಜಪಾನಿನ 9,000ಕ್ಕೂ ಮಿಕ್ಕ ವೃದ್ಧಾರೈಕೆಯ ಸಂಸ್ಥೆಗಳನ್ನು ವಿಚಾರಿಸಿದಾಗ, ಆರೈಕೆಯ ರೋಬಾಟ್ ಯಾವುದನ್ನಾದರೂ ತಂದಿದ್ದೇವೆ ಎಂದವು ನೂರಕ್ಕೆ ಸುಮಾರು 10 ಮಾತ್ರ. ಸರ್ಕಾರದ ಧಾರಾಳವಾದ ಸಹಾಯಧನವಿದ್ದೂ ಹೀಗೆ.

ಏಕೆ ಹೀಗಾಯಿತು? ಜೇಮ್ಸ್ ರೈಟ್ ಎಂಬ ಬ್ರಿಟಿಷ್ ಮಾನವಶಾಸ್ತ್ರಜ್ಞರು ಕಾನಗಾವ ಪ್ರಾಂತದ ಒಂದು ವೃದ್ಧಾಲಯದಲ್ಲಿ ತಿಂಗಳುಗಳ ಕಾಲ ಇದ್ದು ಇದನ್ನು ಗಮನಿಸಿದರು. 2023ರಲ್ಲಿ ಅದನ್ನು ಪುಸ್ತಕವಾಗಿ ಪ್ರಕಟಿಸಿದರು. ಅಲ್ಲಿಗೆ ಮೂರು ಬಗೆಯ ಯಂತ್ರಗಳನ್ನು ತಂದಿದ್ದರು: ವೃದ್ಧರನ್ನು ಹಾಸಿಗೆಯಿಂದ ಎಬ್ಬಿಸಲು ನೆರವಾಗುವ ‘ಹಗ್’, ಮನುಷ್ಯಾಕಾರದ ‘ಪೆಪ್ಪರ್’, ಮತ್ತು ನಾವು ಮೇಲೆ ಹೇಳಿದ ಪಾರೊ. ಪೆಪ್ಪರ್ ವೃದ್ಧರಿಗೆ ಅಂಗಸಾಧನೆಯನ್ನು ಹೇಳಿಕೊಡಬೇಕು. ಆದರೆ ಅದು ಕೈಯಾಡಿಸಿದರೆ ವೃದ್ಧರು ಅನುಸರಿಸುತ್ತಿರಲಿಲ್ಲ. ಪರಿಚಾರಕರೊಬ್ಬರು ಪಕ್ಕದಲ್ಲಿ ನಿಂತು ಅದರಂತೆಯೇ ಕೈಯಾಡಿಸಿ ತೋರಿಸಬೇಕಾಯಿತು. ಯಂತ್ರವು ಮನುಷ್ಯನಿಗೆ ಸಹಾಯ ಮಾಡುವ ಬದಲು ಮನುಷ್ಯನೇ ಯಂತ್ರಕ್ಕೆ ಸಹಾಯಕನಾದನು. ಪಾರೊವನ್ನು ಒಬ್ಬ ವೃದ್ಧೆ ಎಷ್ಟು ಹಚ್ಚಿಕೊಂಡರೆಂದರೆ, ಅದು ಪಕ್ಕದಲ್ಲಿಲ್ಲದೆ ಊಟವನ್ನೂ ಮಾಡಲೊಲ್ಲರು, ಮಲಗಲೂ ಒಲ್ಲರು. ಇನ್ನೊಬ್ಬರು ಅದರ ತುಪ್ಪಳವನ್ನು ಸುಲಿಯಲು ಹೊರಟರು. ಇವೆಲ್ಲವನ್ನೂ ನೋಡಿಕೊಳ್ಳಬೇಕಾದವರು ಪರಿಚಾರಕರೇ. ಯಂತ್ರಗಳನ್ನು ಹೊರತರುವುದು, ಒರಸುವುದು, ವಿದ್ಯುತ್ತು ತುಂಬುವುದು, ಒಳಗಿಡುವುದು ಇವೂ ಅವರ ಪಾಲಿಗೇ ಬಂದವು.

ವೃದ್ಧರು ಒಪ್ಪಿದರೇ ಎಂದು ಎಲ್ಲರೂ ಕೇಳಿದರು. ದಿನವಿಡೀ ಆ ಯಂತ್ರದೊಡನೆ ಇರಬೇಕಾದ ಪರಿಚಾರಕರನ್ನು ಕೇಳಿದವರು ಕಡಿಮೆ. ಅವರು ಒಲ್ಲದ ಯಂತ್ರ ಬೀರುವಿನಲ್ಲಿ ಉಳಿಯುತ್ತದೆ. ಡೆನ್ಮಾರ್ಕಿನಲ್ಲಿ ಪಾರೊವನ್ನು ಸ್ವೀಕರಿಸುವ ವೃದ್ಧಾಲಯಗಳ ಸಿಬ್ಬಂದಿಗೆ ಮೊದಲು ಶಿಕ್ಷಣ ಕೊಡುವ ಪದ್ಧತಿಯನ್ನಿಟ್ಟುಕೊಂಡರು. ಯಾರಿಗೆ ಕೊಡಬೇಕು, ಎಷ್ಟು ಹೊತ್ತು, ಯಾವಾಗ ಹಿಂದಕ್ಕೆ ತೆಗೆದುಕೊಳ್ಳಬೇಕು ಎಂಬುದನ್ನು ಬಲ್ಲವರ ಕೈಯಲ್ಲಿ ಮಾತ್ರ ಅದು ಸಾಧನವೆಂಬುದನ್ನು ಅವರು ಮನಗಂಡಿದ್ದರು.

ಯಂತ್ರದ ಪಾಲು ಎಷ್ಟು, ಕೊಡುವ ಕೈಯ ಪಾಲು ಎಷ್ಟು ಎಂಬುದನ್ನು ಬೇರ್ಪಡಿಸಲು ಆಸ್ಟ್ರೇಲಿಯದಲ್ಲಿ ಒಂದು ಸೊಗಸಾದ ಪ್ರಯೋಗ ನಡೆಯಿತು. ಕ್ವೀನ್ಸ್‌ಲೆಂಡಿನ 28 ವೃದ್ಧಾಲಯಗಳಲ್ಲಿದ್ದ, ಮರೆವಿನ ರೋಗಕ್ಕೆ ತುತ್ತಾದ 415 ಮಂದಿಯನ್ನು ಮೂರು ಗುಂಪುಗಳಾಗಿ ಮಾಡಿದರು. ಒಂದು ಗುಂಪಿಗೆ ಪಾರೊ. ಇನ್ನೊಂದಕ್ಕೆ ವಿದ್ಯುತ್ತನ್ನು ಆರಿಸಿದ ಪಾರೊ, ಎಂದರೆ ಬರಿಯ ತುಪ್ಪಳದ ಗೊಂಬೆ. ಮೂರನೆಯದಕ್ಕೆ ಎಂದಿನ ಆರೈಕೆ. 2017ರಲ್ಲಿ ಫಲಿತಾಂಶಗಳು ಹೊರಬಂದವು. ಎಂದಿನ ಆರೈಕೆಗಿಂತ ಪಾರೊ ಮೇಲೆಂಬುದು ಕಂಡಿತು. ಮನಸ್ಸಿನ ಸ್ಥಿತಿಯೂ ತಳಮಳವೂ ಸುಧಾರಿಸಿದವು. ಆದರೆ ಆರಿಸಿದ ಗೊಂಬೆಗೂ ಅದಕ್ಕೂ ಇದ್ದ ವ್ಯತ್ಯಾಸ ಅಲ್ಪ: ಜೀವಂತ ಪಾರೊವನ್ನು ಹೆಚ್ಚಾಗಿ ನೋಡಿದರು, ಅದರೊಡನೆ ಹೆಚ್ಚಾಗಿ ಮಾತನಾಡಿದರು, ಅಷ್ಟೆ. ನಾವು ಇದರಿಂದ ಪಾರೊ ನಿರರ್ಥಕವೆನ್ನುವುದಿಲ್ಲ. ಮಾತು ಮರೆತವರು ಮಾತನಾಡಿದುದು ಅಲ್ಪ ಲಾಭವೇನೂ ಅಲ್ಲ. ಆದರೆ ಲಕ್ಷಗಟ್ಟಲೆ ರೂಪಾಯಿಗಳ ಯಂತ್ರದಿಂದ ದೊರೆತ ನೆಮ್ಮದಿಯ ಒಂದು ಭಾಗವು, ಮಡಿಲಲ್ಲಿಡಲು ಮೆತ್ತನೆಯ ವಸ್ತುವೊಂದಿದ್ದರೂ ದೊರೆಯುವಂಥದು ಎಂಬುದನ್ನು ಕೊಳ್ಳುವವರು ತಿಳಿದಿರಬೇಡವೆ?

ಇಲ್ಲಿಂದ ಮುಂದೆ ಬರುವುದು ನಮ್ಮ ವಾದದ ಮುಖ್ಯ ಭಾಗ. ಯಂತ್ರವನ್ನು ಒಪ್ಪಿದವರ ಗತಿ ಆಮೇಲೆ ಏನಾಗುತ್ತದೆ?

1999ರಲ್ಲಿ ಸೋನಿ ಸಂಸ್ಥೆ ‘ಐಬೊ’ ಎಂಬ ನಾಯಿಯ ರೂಪದ ರೋಬಾಟನ್ನು ಮಾರಾಟಕ್ಕಿಟ್ಟಿತು. ಎರಡೂವರೆ ಲಕ್ಷ ಯೆನ್ ಬೆಲೆಯಿದ್ದರೂ ಜಪಾನಿಗೆಂದು ಮೀಸಲಿಟ್ಟ 3,000 ಯಂತ್ರಗಳು ಸುಮಾರು 20 ನಿಮಿಷಗಳಲ್ಲಿ ಖರ್ಚಾದವು. ಸುಮಾರು ಒಂದೂವರೆ ಲಕ್ಷ ಐಬೊಗಳು ಮಾರಾಟವಾದ ಮೇಲೆ, 2006ರಲ್ಲಿ ಸಂಸ್ಥೆಯು ತಯಾರಿಕೆಯನ್ನು ನಿಲ್ಲಿಸಿತು. 2014ರಲ್ಲಿ ದುರಸ್ತಿಯನ್ನೂ ನಿಲ್ಲಿಸಿತು. ಒಡೆಯರಲ್ಲಿ ಅನೇಕರು ಅಷ್ಟರಲ್ಲಿ ಮುದುಕರಾಗಿದ್ದರು. ಆಗ ಸೋನಿಯಲ್ಲಿ ಹಿಂದೆ ದುಡಿದಿದ್ದ ಕೆಲವು ಎಂಜಿನಿಯರುಗಳು ‘ಎ-ಫನ್’ ಎಂಬ ಸಣ್ಣ ಸಂಸ್ಥೆಯಲ್ಲಿ ಈ ನಾಯಿಗಳ ದುರಸ್ತಿಗೆ ಕೈಹಾಕಿದರು. ಬಿಡಿಭಾಗಗಳು ಎಲ್ಲಿಯೂ ದೊರೆಯವು. ಕೆಟ್ಟುಹೋದ ಒಂದು ಐಬೊವಿನಿಂದ ತೆಗೆದು ಇನ್ನೊಂದಕ್ಕೆ ಹಾಕಬೇಕು. ಹಾಗೆ ಭಾಗಗಳನ್ನು ಕಳಚುವ ಮೊದಲು, ಚೀಬ ಪ್ರಾಂತದ ಇಸುಮಿ ಎಂಬ ಊರಿನ ಕೋಫುಕುಜಿ ಬೌದ್ಧ ದೇವಾಲಯದಲ್ಲಿ ಅವುಗಳಿಗೆ ಅಂತ್ಯಸಂಸ್ಕಾರ ಮಾಡುವುದು 2015ರಿಂದ ಪದ್ಧತಿಯಾಯಿತು. 2018ರ ಏಪ್ರಿಲಿನಲ್ಲಿ ಒಮ್ಮೆಗೇ 114 ಯಂತ್ರಗಳನ್ನು ಸಾಲಾಗಿಟ್ಟು, ಒಂದೊಂದಕ್ಕೂ ಅದರ ಮನೆಯವರ ಹೆಸರಿನ ಚೀಟಿ ಕಟ್ಟಿ, ಪುರೋಹಿತರು ಸೂತ್ರಗಳನ್ನು ಪಠಿಸಿದರು.

ಪತ್ರಿಕೆಗಳು ಇದನ್ನು ವಿನೋದದ ವಾರ್ತೆಯಾಗಿ ಪ್ರಕಟಿಸಿದವು. ನಮಗೆ ಇದರಲ್ಲಿ ನಗುವಂಥದೇನೂ ಕಾಣುವುದಿಲ್ಲ. ಆ ಒಡೆಯರು ಯಂತ್ರವನ್ನು ನಾಯಿಯೆಂದು ಭ್ರಮಿಸಿದವರಲ್ಲ. ಹದಿನೈದು ವರ್ಷ ಮನೆಯಲ್ಲಿದ್ದ ವಸ್ತುವನ್ನು ಕಸಕ್ಕೆ ಹಾಕದೆ, ಇನ್ನೊಂದು ಮನೆಯ ಯಂತ್ರ ಬದುಕಲೆಂದು ಕೊಟ್ಟವರು. ಕೊಡುವಾಗ ಒಂದು ಮರ್ಯಾದೆಯನ್ನು ಬಯಸಿದವರು. ಮಾರಿದ ಸಂಸ್ಥೆಯು ಕೈಬಿಟ್ಟ ಮೇಲೆ ಆ ಯಂತ್ರಗಳನ್ನು ಉಳಿಸಿದುದು ಕೆಲವು ಹಳೆಯ ಎಂಜಿನಿಯರುಗಳ ಅಭಿಮಾನ ಮತ್ತು ಒಬ್ಬ ಪುರೋಹಿತರ ಸೌಜನ್ಯ. ಸೋನಿಯು 2018ರಲ್ಲಿ ಹೊಸ ಐಬೊವನ್ನು ತಂದಿತು. ಹಳೆಯವಕ್ಕೆ ಅದರಿಂದ ಏನೂ ಆಗಲಿಲ್ಲ.

ಐಬೊ ಒಂದು ದೃಷ್ಟಿಯಿಂದ ಪುಣ್ಯವಂತ. ಅದರ ಬುದ್ಧಿ ಅದರ ಹೊಟ್ಟೆಯಲ್ಲಿಯೇ ಇದ್ದಿತು. ದುರಸ್ತಿ ಬಲ್ಲವರು ತೆರೆದು ನೋಡಬಹುದಾಗಿತ್ತು. ಈಚಿನ ಒಡನಾಡಿ ಯಂತ್ರಗಳ ಬುದ್ಧಿಯ ಬಹುಭಾಗ ದೂರದ ಸರ್ವರ್ ಗಣಕಗಳಲ್ಲಿದೆ. ಆ ಗಣಕಗಳನ್ನು ಆರಿಸಿದರೆ ಮನೆಯಲ್ಲಿರುವುದು ಪ್ಲಾಸ್ಟಿಕ್ಕಿನ ಮೂರ್ತಿ ಮಾತ್ರ. ನೆದರ್ಲೆಂಡ್ಸಿನ ಪ್ರಯೋಗದಲ್ಲಿದ್ದ ಕಾರೊಟ್ಸ್ ಮೊಲಗಳ ಸರ್ವರುಗಳು 2015ರಲ್ಲಿ ನಿಂತುಹೋದವು. ಅಮೆರಿಕದ ‘ಜೀಬೊ’ 2017ರಲ್ಲಿ ಕೊಳ್ಳುವವರ ಮನೆ ಸೇರಿತು. 2019ರಲ್ಲಿ, ತನ್ನ ಸರ್ವರುಗಳು ಮುಚ್ಚಲಿವೆಯೆಂದು ತಾನೇ ಮನೆಯವರಿಗೆ ತಿಳಿಸಿ, ಜೊತೆಯಲ್ಲಿಟ್ಟುಕೊಂಡಿದ್ದಕ್ಕೆ ವಂದನೆ ಹೇಳಿ, ಒಂದು ಕುಣಿತವನ್ನೂ ಕುಣಿಯಿತು. ಮಕ್ಕಳಿಗಾಗಿ ಮಾಡಿದ ‘ಮಾಕ್ಸಿ’ ಎಂಬ ರೋಬಾಟಿನ ಸಂಸ್ಥೆಯು ಹಣವಿಲ್ಲದೆ ಮುಚ್ಚುತ್ತಿದ್ದೇವೆಂದು 2024ರ ಡಿಸೆಂಬರಿನಲ್ಲಿ ಪ್ರಕಟಿಸಿತು; ಗೆಳೆಯನು ಇನ್ನು ಮಾತನಾಡುವುದಿಲ್ಲ ಎಂಬುದನ್ನು ಮಕ್ಕಳಿಗೆ ಹೇಗೆ ತಿಳಿಸಬೇಕೆಂದು ತಂದೆತಾಯಿಗಳಿಗೆ ಒಂದು ಪತ್ರವನ್ನೂ ಸಿದ್ಧಪಡಿಸಿಕೊಟ್ಟಿತು. ಮನೆಯ ಗಣಕದಿಂದಲೇ ಅದನ್ನು ನಡೆಸಲು ಅನುಕೂಲವಾಗುವಂತೆ ತಂತ್ರಾಂಶವನ್ನು ಬಿಟ್ಟುಕೊಡುವ ಪ್ರಯತ್ನ ಆಮೇಲೆ ನಡೆಯಿತೆಂಬುದು ಒಳ್ಳೆಯ ಸಂಗತಿ. ಅಂಥ ಪ್ರಯತ್ನವು ಮಾರುವ ದಿನವೇ ಕರಾರಿನಲ್ಲಿ ಸೇರಿರಬೇಕಾಗಿತ್ತು.

ಕೆಲವರು ಇದಕ್ಕೆ ಆಕ್ಷೇಪಿಸಬಹುದು: ರೇಡಿಯೋ ಕೆಡುತ್ತದೆ, ಗಡಿಯಾರ ಕೆಡುತ್ತದೆ, ರೋಬಾಟಿಗೆ ಮಾತ್ರ ಬೇರೆ ನ್ಯಾಯವೇಕೆ? ರೇಡಿಯೋ ತನ್ನನ್ನು ಪ್ರೀತಿಸೆಂದು ಕೇಳುವುದಿಲ್ಲ ಎಂಬುದೇ ಉತ್ತರ. ಪ್ರೀತಿಯನ್ನು ಬೇಡಿ, ಅದನ್ನೇ ಮಾರಾಟದ ಉಪಾಯವಾಗಿ ಬಳಸುವ ಯಂತ್ರವನ್ನು ತಯಾರಿಸುವವನು ಹೆಚ್ಚಿನ ಹೊಣೆಯನ್ನು ಹೊರಬೇಕಾದುದು ನ್ಯಾಯ. ಎಷ್ಟು ವರ್ಷ ಇದನ್ನು ನಡೆಸುತ್ತೇವೆ, ಆಮೇಲೆ ಬುದ್ಧಿಯನ್ನು ಯಾರ ಕೈಗೊಪ್ಪಿಸುತ್ತೇವೆ, ಮನೆಯಲ್ಲಿ ಕೇಳಿಸಿಕೊಂಡ ಮಾತುಗಳನ್ನು ಎಲ್ಲಿ ಇಡುತ್ತೇವೆ ಎಂಬುದನ್ನು ಅವನು ಪೆಟ್ಟಿಗೆಯ ಮೇಲೆಯೇ ಬರೆಯಬೇಕು. 2012ರಲ್ಲಿ ಐರೋಪ್ಯ ಒಕ್ಕೂಟವು ನಡೆಸಿದ ಅಭಿಪ್ರಾಯ ಸಂಗ್ರಹದಲ್ಲಿ ನೂರಕ್ಕೆ 60 ಮಂದಿ, ಮಕ್ಕಳ, ವೃದ್ಧರ, ಅಂಗವಿಕಲರ ಆರೈಕೆಯಲ್ಲಿ ರೋಬಾಟುಗಳನ್ನು ನಿಷೇಧಿಸಬೇಕೆಂದಿದ್ದರು. ಇದನ್ನು ಅಜ್ಞಾನದ ಭಯವೆಂದು ತಳ್ಳಿಹಾಕುವುದು ವಾಡಿಕೆ. ಆರೈಕೆ ಬೇಕಾದವರು ದೂರು ಹೇಳಲಾರದವರು, ಅವರಿಗೆ ಮೋಸವಾದರೆ ಕೇಳುವವರಿಲ್ಲ ಎಂಬ ವಿವೇಕವೂ ಅದರಲ್ಲಿದ್ದಿರಬಹುದಲ್ಲವೆ?

ಒಪ್ಪಿಗೆಯು ಸಂದರ್ಭದಿಂದ ಹೇಗೆ ಬದಲಾಗುತ್ತದೆಂಬುದಕ್ಕೆ ನಮ್ಮ ನಾಡಿನದೇ ಒಂದು ನಿದರ್ಶನವಿದೆ. ಬೆಂಗಳೂರಿನ ಇನ್ವೆಂಟೊ ಸಂಸ್ಥೆ ತಯಾರಿಸಿದ ‘ಮಿತ್ರ’ ಎಂಬ ರೋಬಾಟ್ 2017ರ ನವೆಂಬರಿನಲ್ಲಿ ಹೈದರಾಬಾದಿನಲ್ಲಿ ಪ್ರಧಾನಮಂತ್ರಿಗಳನ್ನೂ ಅಮೆರಿಕದ ಅತಿಥಿಗಳನ್ನೂ ಸ್ವಾಗತಿಸಿ ಹೆಸರಾಯಿತು. ಆಗ ಅದು ಸಮಾರಂಭದ ಅಲಂಕಾರ. ಜನರು ಅದರ ಪಕ್ಕ ನಿಂತು ಚಿತ್ರ ತೆಗೆಸಿಕೊಂಡರು. 2020ರಲ್ಲಿ ಕೋವಿಡ್ ಬಂದಾಗ ಅದೇ ಯಂತ್ರಕ್ಕೆ ಬೆಂಗಳೂರಿನ ಆಸ್ಪತ್ರೆಯೊಂದರ ಬಾಗಿಲಲ್ಲಿ ಬಂದವರನ್ನು ತಪಾಸಣೆ ಮಾಡುವ ಕೆಲಸ ದೊರೆಯಿತು. ದೆಹಲಿಯ ಸಮೀಪದ ನೋಯಿಡಾದ ಆಸ್ಪತ್ರೆಯೊಂದರಲ್ಲಿ ಅದು ರೋಗಿಗಳ ಹಾಸಿಗೆಯ ಬಳಿಗೆ ಹೋಗಿ, ಎದೆಯ ಮೇಲಿನ ಪರದೆಯಲ್ಲಿ ಅವರ ಮನೆಯವರ ಮುಖವನ್ನು ತೋರಿಸಿ ಮಾತನಾಡಿಸುತ್ತಿದ್ದಿತು. ತಮ್ಮವರು ಒಳಗೆ ಬರುವಂತಿಲ್ಲ, ತಾವು ಹೊರಗೆ ಹೋಗುವಂತಿಲ್ಲ ಎಂಬ ಸ್ಥಿತಿಯಲ್ಲಿದ್ದ ರೋಗಿ ಆ ಯಂತ್ರದ ಕಣ್ಣು ಮೂಗುಗಳು ಮನುಷ್ಯನಂತಿವೆಯೇ ಎಂದು ನೋಡುವನೆ? ಪರದೆಯಲ್ಲಿ ಮಗಳ ಮುಖ ಕಂಡರೆ ಸಾಕು. ಯಂತ್ರವು ಅಲ್ಲಿ ಗೆಳೆಯನಾಗಲು ಹೋಗಲಿಲ್ಲ, ಅಂಚೆಯವನಾಯಿತು.

2022ರಿಂದೀಚೆಗೆ ಪರಿಸ್ಥಿತಿ ಮತ್ತೊಂದು ತಿರುವನ್ನು ಪಡೆದಿದೆ. ಚಾಟ್‌ಜಿಪಿಟಿಯಂಥ ಭಾಷಾಯಂತ್ರಗಳು ಬಂದ ಮೇಲೆ, ತಡವರಿಸದೆ ಮಾತನಾಡುವ ಶಕ್ತಿಯನ್ನು ಒಡನಾಡಿ ಯಂತ್ರಗಳಿಗೆ ಕೊಡುವುದು ಸುಲಭವಾಗಿದೆ. ಎಲೈಜಾದ ಕಾಲದಲ್ಲಿ ನಾಲ್ಕು ಮಾತಿಗೆ ಗುಟ್ಟು ಬಯಲಾಗುತ್ತಿತ್ತು. ಈಗ ನಾಲ್ಕು ತಿಂಗಳಾದರೂ ಆಗದಿರಬಹುದು. ಒಪ್ಪಿಗೆ ಇನ್ನು ಬೇಗ ದೊರೆಯುತ್ತದೆಂಬುದರಲ್ಲಿ ಸಂಶಯವಿಲ್ಲ. ಆದುದರಿಂದಲೇ ಹಿಂದೆ ಯಾರು ನಿಂತಿದ್ದಾರೆಂಬ ಪ್ರಶ್ನೆ ಹೆಚ್ಚು ಮುಖ್ಯವಾಗುತ್ತದೆ. ನ್ಯೂಯಾರ್ಕ್ ರಾಜ್ಯದ ವೃದ್ಧಕಲ್ಯಾಣ ಕಚೇರಿಯು 2022ರಲ್ಲಿ ‘ಎಲಿಕ್ಯೂ’ ಎಂಬ ಮಾತನಾಡುವ ಸಾಧನವನ್ನು 800ಕ್ಕೂ ಹೆಚ್ಚು ವೃದ್ಧರಿಗೆ ಹಂಚುವ ಯೋಜನೆಯನ್ನು ಪ್ರಕಟಿಸಿತು. ಅದಕ್ಕೆ ಕಣ್ಣು ಮೂಗುಗಳಿಲ್ಲ. ಮೇಜಿನ ದೀಪದಂತೆ ಇದ್ದು ತಲೆಯನ್ನು ತಿರುಗಿಸುತ್ತದೆ. ವೃದ್ಧರ ಒಂಟಿತನ ಬಹಳವಾಗಿ ಕಡಿಮೆಯಾಯಿತೆಂದು ಆ ಕಚೇರಿ ವರದಿ ಮಾಡಿದೆ. ಹಂಚಿದವರೇ ಅಳೆದುದಾದ್ದರಿಂದ ವರದಿಯನ್ನು ಎಚ್ಚರಿಕೆಯಿಂದ ಓದಬೇಕು. ಆದರೂ ಕೆಟ್ಟರೆ ಹೋಗಿ ಕೇಳಲು ಸರ್ಕಾರದ ಕಚೇರಿಯೊಂದು ಇದೆಯೆಂಬುದು ವೃದ್ಧರಿಗೆ ಸಣ್ಣ ಧೈರ್ಯವಲ್ಲ.

ಭಾರತದಲ್ಲಿ 2011ರ ಜನಗಣತಿಯಂತೆ 60 ವರ್ಷ ಮೀರಿದವರು 10 ಕೋಟಿಗೂ ಹೆಚ್ಚು. ಇಂದು ಆ ಸಂಖ್ಯೆ ಇನ್ನೂ ಬೆಳೆದಿದೆ. ಮಕ್ಕಳು ದೂರದ ಊರುಗಳಲ್ಲಿ, ದೂರದ ದೇಶಗಳಲ್ಲಿ ಇದ್ದು, ಹಿರಿಯರಿಬ್ಬರೇ ಇರುವ ಮನೆಗಳು ನಮ್ಮ ಪಟ್ಟಣಗಳಲ್ಲಿ ಎಷ್ಟಿವೆಯೆಂಬುದನ್ನು ವಾಚಕರು ತಮ್ಮ ಬೀದಿಯಲ್ಲಿಯೇ ಎಣಿಸಬಹುದು. ಇಂಥ ಮನೆಗಳಿಗೆ ಒಡನಾಡಿ ಯಂತ್ರಗಳು ಬಂದರೆ ಅವನ್ನು ಕೊಳ್ಳುವವನು ಮಗ, ಇಟ್ಟುಕೊಳ್ಳುವವಳು ತಾಯಿ. ಮಗನ ಒಪ್ಪಿಗೆಯನ್ನು ಮಾರುವವರು ಕೇಳಿಯೇ ಕೇಳುತ್ತಾರೆ. ನಮ್ಮ ದೇಶದ 2023ರ ವೈಯಕ್ತಿಕ ಮಾಹಿತಿ ಸಂರಕ್ಷಣೆಯ ಕಾನೂನು ಒಪ್ಪಿಗೆಯನ್ನೇ ಮುಖ್ಯ ಆಧಾರವಾಗಿಟ್ಟುಕೊಂಡಿದೆ. ಆದರೆ ಅಡುಗೆಮನೆಯಲ್ಲಿ ಕುಳಿತು ನೆರೆಮನೆಯವರೊಡನೆ ಆಡಿದ ಮಾತುಗಳನ್ನು ಈ ಯಂತ್ರ ಕೇಳಿಸಿಕೊಳ್ಳುತ್ತದೆಂದು ಆ ತಾಯಿಗೆ ಅವಳ ಭಾಷೆಯಲ್ಲಿ ಹೇಳುವವರು ಯಾರು? ಬೇಡವೆಂದು ಅವಳು ಹೇಳಿದರೆ, ದೂರದಲ್ಲಿರುವ ಮಗನ ಮನಸ್ಸು ನೋಯಬಾರದೆಂದು ಹೇಳದೆಯೂ ಇದ್ದರೆ, ಯಾವ ಪ್ರಶ್ನಾವಳಿ ಅದನ್ನು ಹಿಡಿದೀತು?

ಎಂಜಿನಿಯರಿಂಗ್ ಓದಲಿರುವ ನಮ್ಮ ವಾಚಕರಲ್ಲಿ ಕೆಲವರಾದರೂ ಮುಂದೆ ಇಂಥ ಯಂತ್ರಗಳನ್ನು ಕಟ್ಟುವವರಾಗುತ್ತಾರೆ. ಅವರಿಗೆ ಒಂದು ಪ್ರಯೋಗವನ್ನು ಸೂಚಿಸುತ್ತೇವೆ. ಯಂತ್ರವನ್ನು ಮನೆಯಲ್ಲಿಟ್ಟ ದಿನ ಏನನ್ನೂ ಕೇಳಬೇಡಿ. ಆರು ತಿಂಗಳ ಮೇಲೆ ಹೋಗಿ, ಯಂತ್ರವನ್ನು ಇನ್ನೊಂದು ಕೋಣೆಯಲ್ಲಿಟ್ಟು, ಮಗನೂ ಎದುರಿಗಿಲ್ಲದಾಗ, ಇದನ್ನು ನಾಳೆ ತೆಗೆದುಕೊಂಡು ಹೋಗಲೇ ಎಂದು ತಾಯಿಯನ್ನು ಕೇಳಿ. ಮನೆಗೆಲಸಕ್ಕೆ ಬರುವಾಕೆಯನ್ನೂ ಕೇಳಿ.